ಮೂವತ್ತೊಂದನೇ ಗೇಟಿನ ಎರಡು ಪೆಟ್ಟು

ಪಟ್ಟಿ ಬರಿಯೂಕಿಂತ ಮೊದ್ಲ ಆ ಪೆನ್ನು ಕೆಳಗಿಡ್ರಿ. ಹೌದು, ನಿಮಗ ಹೇಳಾಕತ್ತೀನಿ. ಡಾಕ್ಟರ್ ಅರ್ಷಿಯಾ ಮೇಡಂ ನನಗ ಇಪ್ಪತ್ತು ನಿಮಿಷ ಕೊಟ್ಟಾರ. ಅದರಾಗ ಐದು ನಿಮಿಷ ಈ ಮೈಕು ಸರಿ ಮಾಡೂದ್ರಾಗ ಹೋತು.

ನಾನು ಹುಲಿಗೆಮ್ಮ. ಓದಿದ್ದು ಏಳನೇತ್ತ. ಹೋದ ವರ್ಷ ಇದ ವಾರ್ಡಿನಾಗ, ಅಲ್ಲಿ ಕಿಟಕಿ ಬಾಜೂಕಿನ ಮಂಚದ ಮ್ಯಾಲ, ನಮ್ಮ ಮನ್ಯಾವ್ರು ಹದಿನಾರು ದಿನ ಮಲಗಿದ್ರು. ಅವರ ಹೆಸರು ಬೇಕಂದ್ರ ದವಾಖಾನಿ ಕಾಗದದಾಗ ಐತಿ, ನೋಡ್ಕೊಳ್ರಿ, ನಾ ಹೇಳಂಗಿಲ್ಲ. ನಿಮ್ಮ ಮಂದಿ ತಲಿಗೆ ಈಗ ನೀಲಿ ಟೋಪಿ ಹಾಕ್ಯಾರಲ್ಲ, ಅದನ್ನ ಅವರಿಗೂ ಹಾಕಿದ್ರು. ನಿಮ್ಮ ಕೈಯಾಗ ಏಳು ಸಾಲಿನ ಕಾಗದ ಕೊಟ್ಟಾರಲ್ಲ, ಅದನ್ನ ನನಗೂ ಕೊಟ್ಟಿದ್ರು. ನಾ ಅದನ್ನ ತಪ್ಪು ಬರಿಸಿದೆ. ಒಂದು ಚೂರು ಹೆಚ್ಚುಕಮ್ಮಿ ಆಗಿದ್ರ ಇವತ್ತು ನಾ ಇಲ್ಲಿ ನಿಂತು ನಿಮ್ಮ ತಲಿ ತಿಂತಿರಲಿಲ್ಲ, ಮನ್ಯಾಗ ಮೂಲಿ ಹಿಡದು ಅಳ್ತಿದ್ದೆ. ಅದಕ್ಕ ಕೇಳ್ರಿ.

ನಮ್ಮ ಮನ್ಯಾವ್ರು ಎಡದಂಡೆ ಕಾಲುವಿ ಮೂವತ್ತೊಂದನೇ ಗೇಟಿನ ಮ್ಯಾಲ ಕೆಲಸ ಮಾಡ್ತಾರ. ಈಗ ಎಲ್ಲಾ ಗೇಟಿಗೂ ಮೋಟರ್ ಕೂಡಿಸ್ಯಾರ. ಎಲ್ಲೋ ದೂರ ಕಂಟ್ರೋಲ್ ರೂಮಿನಾಗ ಕುಂತು ಗುಂಡಿ ಒತ್ತಿದ್ರ ಗೇಟು ಏಳ್ತೈತಿ ಅಂತಾರ. ಏಳ್ತೈತಿ, ಯಾರು ಇಲ್ಲ ಅಂದ್ರು, ಕಸ ಸಿಗೂ ತನಕ ಏಳ್ತೈತಿ. ಒಂದು ಜಾಲಿ ಟೊಂಗಿ ತೇಲಿ ಬಂದು ಸಿಕ್ಕಂದ್ರ ಕಂಟ್ರೋಲ್ ರೂಮಿನವ್ರು ಫೋನ್ ಹಚ್ಚೂದು ನಮ್ಮನಿಗೇ: "ಕಾಕಾ, ಒಂಚೂರು ನೋಡ್ರಿ." ಇವರು ನಟ್ಟು ತಿರುವೂ ಪಾನಾ ಹಿಡಕೊಂಡು ಹೊಂಟ್ರು ಅಂದ್ರ ಮದುವಿಗೆ ಮದಲಿಂಗ ಹೊಂಟಂಗ.

ಗೇಟು ನಮ್ಮ ಕ್ವಾರ್ಟರ್ಸಿಗೆ ಕೂಗಳತಿ ದೂರ. ಆದ್ರ ಕೂಗಿದ್ರ ಕೇಳಸಂಗಿಲ್ಲ, ನೀರಿನ ಸದ್ದು ಹಂಗೈತಿ. ಮೂವತ್ತೆಂಟು ವರ್ಷ ಆ ಸದ್ದಿನಾಗ ನಿಂತು ಇವರ ಕಿವಿ ಅರ್ಧ ಹೋಗ್ಯಾವು. ಅದಕ್ಕ ಮಧ್ಯಾಹ್ನ ಕೆಲಸ ಮುಗೀತಂದ್ರ ಗೇಟಿನ ಕಬ್ಬಿಣಕ್ಕ ಪಾನಾದಿಂದ ಎರಡು ಪೆಟ್ಟು ಹಾಕ್ತಾರ. ಠಣ್, ಠಣ್. ಅಂದ್ರ, ಹಂಚು ಇಡು, ಬಂದೆ. ನಾನು ರೊಟ್ಟಿ ಬಡಿಯೂ ಪರಾತ ಕಿಟಕಿಗೆ ಹಿಡದು ಸೌಟಿನಿಂದ ಮೂರು ಪೆಟ್ಟು ಹಾಕ್ತೀನಿ. ಢಣ್ ಢಣ್ ಢಣ್. ಅಂದ್ರ, ಕೇಳಿಸ್ತು, ಬರ್ರಿ.

ನಾ ಸಿಟ್ಟಿನಾಗಿದ್ದ ದಿನ ಬೇಕಂತ ತಡಾ ಮಾಡ್ತಿದ್ದೆ. ಸುಳ್ಳ ಯಾಕ ಹೇಳ್ಲಿ. ಆವಾಗ ಇನ್ನೆರಡು ಪೆಟ್ಟು ಬೀಳ್ತಿದ್ವು, ಗೇಟು ಕಿತ್ತು ಬರೂ ಹಂಗ. ಮನಿಗೆ ಬಂದವ್ರ, "ಕಿವುಡಿ ಆಗಿಯೇನ ನೀ?" ಅಂತಿದ್ರು. ನೋಡ್ರಿ ಮತ್ತ, ಯಾರು ಯಾರಿಗೆ ಕಿವುಡಿ ಅಂತಾರ!

ಹೋದ ವರ್ಷ ಭತ್ತದ ನಾಟಿ ಆಗಷ್ಟ ಮುಗದಿತ್ತು. ಗದ್ದಿ ತುಂಬ ನೀರು, ನೀರು ತುಂಬ ಕೊಕ್ಕರಿ, ಸಂಜಿ ಆತಂದ್ರ ಸೊಳ್ಳಿ. ಕೊಕ್ಕರಿ ಮೈಯಾಗಿನ ಹೊಸ ವೈರಸ್ಸನ್ನ ಸೊಳ್ಳಿ ಹೊತ್ಕೊಂಡು ಬರ್ತೈತಿ ಅಂತ ಆಮ್ಯಾಲ ಗೊತ್ತಾತು. ನಮ್ಮ ಕಡಿ ಈಗ ಅದಕ್ಕ ಕೊಕ್ಕರಿ ಜ್ವರ ಅಂತಾರ. ಮೂರು ದಿನದಿಂದ ಇವರಿಗೆ ಮೈ ಬೆಚ್ಚಗಿತ್ತು. ಮನ್ಯಾಗ ಬಿದ್ಕೊಳ್ರಿ ಅಂದ್ರ ಕೇಳ್ಯಾರ ಏನು? ಮಾತ್ರಿ ನುಂಗಿ ಗೇಟಿಗೆ ಹೋದ್ರು.

ಮಧ್ಯಾಹ್ನ ಠಣ್, ಠಣ್ ಅಂತು. ನಾ ಮೂರು ಬಾರಿಸಿದೆ. ಮತ್ತ ಠಣ್ ಅಂತು. ಮತ್ತೊಂದು. ಏನಾತಿವರಿಗೆ ಅಂತ ಎಣಿಸಾಕತ್ತೆ: ಏಳು, ಎಂಟು, ಹನ್ನೆರಡು, ನಿಲ್ಲವಲ್ದು. ಹಿಟ್ಟಿನ ಕೈಲೇ ಓಡಿದೆ. ಇವರು ಪಾನಾ ಹಿಡದು ಕಬ್ಬಿಣ ಬಡ್ಯಾಕತ್ತಿದ್ರು, ಕಣ್ಣು ನೀರಿನ ಮ್ಯಾಲ. ಮೈ ಮುಟ್ಟಿದ್ರ ಕಾದ ಹಂಚು. ಪಾನಾ ಕಸ್ಗೊಂಡೆ, ಆದ್ರೂ ಬರೇ ಕೈ ಮ್ಯಾಲ ಕೆಳಗ ಆಡಾಕತ್ತಿತ್ತು.

ಮರುದಿನ ಮುಂಜಾನಿ ಈ ವಾರ್ಡಿನಾಗಿದ್ವಿ. ಇವರಿಗೆ ಎಚ್ಚರಿಲ್ಲ. ಮೇಡಂ ನನ್ನನ್ನೂ ಮಗಳು ವಿಜಿನ್ನೂ ಗಾಜಿನ ಕೋಣಿಗೆ ಕರಕೊಂಡು ಹೋದ್ರು. ಮೇಡಂ ನಿಮಗ ಗೊತ್ತದಾರ. ಕನ್ನಡಕ ಹಣಿ ಮ್ಯಾಲ ಇಟ್ಕೊಂಡು ವಾರ್ಡ್ ತುಂಬ ಕನ್ನಡಕ ಹುಡುಕ್ತಾರ. ನಗಬ್ಯಾಡ್ರಿ ಮೇಡಂ, ಖರೇನ ಹೇಳಾಕತ್ತೀನಿ. ಆ ಕೋಣ್ಯಾಗ ಒಂದು ದೊಡ್ಡ ಪರದಾ, ಅದರ ಮ್ಯಾಲ ಇವರ ಮೆದುಳಿನ ಚಿತ್ರ. ನಸುಗತ್ತಲಿನಾಗ ಅಲ್ಲೊಂದು ಇಲ್ಲೊಂದು ಬೆಳಕು.

"ಅಮ್ಮಾ, ವೈರಸ್ ನರಕೋಶದೊಳಗ ಹೊಕ್ಕೈತಿ," ಅಂದ್ರು ಮೇಡಂ. "ಅದನ್ನ ಹಿಡಿಯಾಕ ರಕ್ತದಾಗಿಂದ ಟಿ ಕಣ ಅಂತ ಬರ್ತಾವು. ರಕ್ತಕ್ಕೂ ಮೆದುಳಿಗೂ ನಡುವ ಒಂದು ಗೇಟು ಐತಿ ಅಂತ ತಿಳ್ಕೊಳ್ರಿ. ಆರಾಮಿದ್ದಾಗ ಅದು ಯಾರನ್ನೂ ಸುಮ್ನ ಬಿಡಂಗಿಲ್ಲ. ಈಗ ತಗದೈತಿ."

"ತಗೀಲಿ ಬಿಡ್ರಿ, ಪೂರ್ತಿ ತಗೀಲಿ," ಅಂದ್ಲು ವಿಜಿ.

"ಪೂರ್ತಿ ತಗದ್ರ ಮೆದುಳು ಬಾತು ಜೀವಕ್ಕ ಕುತ್ತು. ಕಮ್ಮಿ ತಗದ್ರ ವೈರಸ್ ಗೆಲ್ಲತೈತಿ."

ಮಗಳು ಸಾಲಿ ಟೀಚರು, ಆಕಿಗೆ ತಿಳೀಲಿಲ್ಲ. ನನಗ ತಟ್ಟನ ತಿಳೀತು. ಗೇಟು ಎಷ್ಟು ಎತ್ತಬೇಕು, ಯಾವಾಗ ಇಳಸಬೇಕು ಅನ್ನೂ ಮಾತು ಬಿಟ್ಟು ಬ್ಯಾರೆ ಮಾತು ನಮ್ಮನ್ಯಾಗ ಯಾವಾಗ ಆಡ್ಯಾರ?

"ಆ ಗೇಟನ್ನ ಔಷಧದಿಂದ ನಾವು ನೋಡ್ಕೋತೀವಿ," ಅಂದ್ರು ಮೇಡಂ. "ನನಗ ಚಿಂತಿ ಇರೂದು ಇನ್ನೊಂದರ ಮ್ಯಾಲ. ಮೈಕ್ರೋಗ್ಲಿಯಾ ಅಂತ ಒಂದು ಕಣ ಐತಿ. ಹೊರಗಿಂದ ಬಂದದ್ದಲ್ಲ, ಮೆದುಳಿನಾಗ ಮನಿ ಮಾಡ್ಕೊಂಡಿರೂದು. ದಿನಾ ಕಸ ಗುಡಸೂದು ಅದರ ಕೆಲಸ. ವೈರಸ್ ಬಂದಾಗ ಅದಕ್ಕ ಗಾಬರಿ ಆಗತೈತಿ. ಕೆಟ್ಟದ್ದನ್ನ ಗುಡಸೂ ಭರದಾಗ ಚಲೋ ಕೊಂಡಿಗಳನ್ನೂ ತಿಂದು ಹಾಕತೈತಿ. ಒಂದು ನರಕೋಶ ಇನ್ನೊಂದರ ಜೊತಿ ಮಾತಾಡೂ ಜಾಗಕ್ಕ ಕೊಂಡಿ ಅಂತೀವಿ. ನೆನಪು ಇರೂದು ಅಲ್ಲೇ."

"ಹಂಗಾರ ಅದರ ಕೈಕಾಲು ಕಟ್ರಿ," ಅಂದೆ.

"ಕಟ್ಟಿದ್ರ ವೈರಸ್ಸಿನ ಹೊಲಸೆಲ್ಲಾ ಅಲ್ಲೇ ಉಳೀತೈತಿ ಅಮ್ಮಾ. ಆದ್ರ ಒಂದು ದಾರಿ ಐತಿ. ಬಳಕ್ಯಾಗಿರೂ ಕೊಂಡಿ ಮೈಮ್ಯಾಲ 'ನನ್ನ ತಿನಬ್ಯಾಡ' ಅಂತ ಒಂದು ಗುರುತು ಇರತೈತಿ. ಅದನ್ನ ಕಂಡ್ರ ಮೈಕ್ರೋಗ್ಲಿಯಾ ಮುಂದ ಹೋಗತೈತಿ. ಈ ಟೋಪಿ ಅವರ ಕಿವಿಗೆ ಸದ್ದು, ಮೂಗಿಗೆ ವಾಸನಿ ಮುಟ್ಟಸತೈತಿ. ಮೆದುಳು ಎಲ್ಲಿ ಅದಕ್ಕ ಓಗೊಡತೈತೋ ಅಲ್ಲಿ ಬೆಳಕು ಕಾಣಸತೈತಿ, ಅಲ್ಲಿ ಕೊಂಡಿ ಉಳೀತೈತಿ. ಆರು ದಿನ ಟೈಮ್ ಐತಿ. ಅವರು ಮರೀಬಾರದಂಥ ಏಳು ಸಂಗತಿ ಹೇಳ್ರಿ. ಅದಕ್ಕಿಂತ ಹೆಚ್ಚಿಗಿ ಹಾಕಿದ್ರ ದಣದ ಮೆದುಳು ತಡಿಯಂಗಿಲ್ಲ."

ಒಬ್ಬ ಮನಷ್ಯಾನ ಅರವತ್ತು ವರ್ಷ, ಏಳು ಸಾಲು. ನೀವೂ ಈಗ ಹಂಗ ಕಾಗದ ನೋಡಾಕತ್ತೀರಿ, ಕಾಣಸತೈತಿ.

ವಿಜಿ ಬರದ್ಲು, ನಾ ಹೇಳಿದೆ. ಮೊದಲ ಗೇಟಿನ ಕೆಲಸ. ಅದಿಲ್ಲ ಅಂದ್ರ ಅವರು ಅವರಲ್ಲ. ಆಮ್ಯಾಲ ವಿಜಿ, ವಿಜಿ ಮಗಳು. ನಾಲ್ಕನೇದು ಈಜು. ವಿಜಿ ನಕ್ಕೋತ, "ಈಜು ಯಾಕಬೇ?" ಅಂದ್ಲು. ಯಾಕಂದ್ರ ಕಾಲುವಿ ದಂಡಿ ಮ್ಯಾಲ ಇರೂವ್ರು ಈಜು ಮರತ್ರ ಮೊದಲನೇ ದಿನಾನ ಹೆಣ ತೇಲತೈತಿ, ಅದಕ್ಕ. ಮನಿ ದಾರಿ, ಭಜನಿ ಪದ, ಲೆಕ್ಕ-ಓದು, ಹಿಂಗ ಏಳು ತುಂಬಿದ್ವು. ಎಲಿ-ತಂಬಾಕು ನಾ ಬೇಕಂತ ಬಿಟ್ಟೆ. ತಮ್ಮನ ಜೋಡಿ ಹನ್ನೆರಡು ವರ್ಷದ ಜಗಳ ಇತ್ತು, ಅದನ್ನೂ ಬಿಟ್ಟೆ. ಗುಡಸೂವ್ರು ಬಂದಾರಂದ್ರ ಅವನ್ನೂ ಒಯ್ಯಲಿ ಬಿಡು, ಪುಗಸಟ್ಟೆ ಕೆಲಸ ಅಂತ ನನ್ನ ಹಂಚಿಕಿ.

ಮೇಡಂ ಕಾಗದ ಓದಿ ಮುಖ ಎತ್ತಿದ್ರು. "ಅಮ್ಮಾ, ನೀವು?"

"ನನ್ನೇನ್ ಬರಸ್ತೀರಿ ಮೇಡಂ? ನಾಚಿಗಿ ಆಗಂಗಿಲ್ಲೇನು? ನಾ ಎಲ್ಲಿ ಹೋಗ್ತೀನಿ, ಮೂವತ್ತೈದು ವರ್ಷ ಕಣ್ಣ ಮುಂದ ಅದೀನಿ."

ಇದ ನೋಡ್ರಿ ತಪ್ಪು. ಈಗ ನಿಮ್ಮ ಕಾಗದ ನೋಡ್ಕೊಳ್ರಿ. ನಮ್ಮ ಕಡಿ ಹೆಣಮಕ್ಕಳು ಎಲ್ಲಾರಿಗೂ ಬಡಸಿ ಆಮ್ಯಾಲ ಉಳದದ್ದು ಉಣ್ಣೂವ್ರು. ಮೆದುಳಿನ ಪಟ್ಟಿ ಬರಿಯೂವಾಗೂ ಅದ ಚಾಳಿ.

ಮೂರನೇ ದಿನ ಜ್ವರ ಇಳೀತು. ಪರದೆ ಮ್ಯಾಲ ವಿಜಿ ದನಿಗೆ ಬೆಳಕು, ಮೊಮ್ಮಗಳ ನಗೀಗೆ ಬೆಳಕು, ಭಜನಿಗಂತೂ ದೀಪಾವಳಿ. ಗೇಟು ಮಾತ್ರ ಮಂಕಾಗಿತ್ತು. ಕಾಲುವಿ ನೀರಿನ ಸದ್ದು, ಮೋಟರಿನ ಸದ್ದು ಎಷ್ಟು ಕೇಳಿಸಿದ್ರೂ ಒಂದೀಟು ಮಿಣಕ್ ಅಂದು ಆರತಿತ್ತು. ಮೇಡಂಗ ಯಾಕೋ ಅನುಮಾನ ಬಂತು. "ಅಮ್ಮಾ, ನೀವು ಒಂದೀಟು ಮಾತಾಡ್ರಿ," ಅಂದ್ರು.

ಮಾತಾಡಿದೆ. ಪರದೆ ಮ್ಯಾಲ ಏನೂ ಇಲ್ಲ. ಮೇಡಂ ತಾವ ಅವರ ಕಿವ್ಯಾಗ, "ಹುಲಿಗೆಮ್ಮ, ನಿಮ್ಮ ಹೆಂಡತಿ ಹುಲಿಗೆಮ್ಮ," ಅಂದ್ರು. ಕತ್ತಲಿ. ಕೈ ಹಿಡೀರಿ ಅಂದ್ರು. ನಾವು ಕೈ ಹಿಡಿಯೂ ಮಂದಿ ಅಲ್ರಿ ಅಂತ ಹೇಳಿದ್ರೂ ಕೇಳಲಿಲ್ಲ. ಹಿಡದೆ. ಕತ್ತಲಿ ಅಂದ್ರ ಕತ್ತಲಿ.

ನಾ ಹೊರಗ ಬಂದು ಬೆಂಚಿನ ಮ್ಯಾಲ ಕುಂತೆ. ವಿಜಿ, "ಹೊಸಾ ಸಾಲು ಬರಿಯೋಣಬೇ, ಭಜನಿ ತಗದು ನಿನ್ನ ಹಾಕೋಣ," ಅಂತ ಅತ್ಲು. ಬರದ್ರ ಏನು ಹಾಕೂದು? ನನ್ನ ದನಿ ಅವರ ಕಿವ್ಯಾಗ ಯಾವತ್ತು ಹೊಕ್ಕೈತಿ? ನನ್ನ ಹೆಸರು ಅವರು ಯಾವತ್ತು ಕರದಾರ? 'ಏ', 'ಕೇಳಿತೇನ', ಅಷ್ಟ. ಮೂವತ್ತೈದು ವರ್ಷ ಒಂದ ಸೂರಿನ ಕೆಳಗ ಇದ್ದು ಆ ಮೆದುಳಿನಾಗ ನಾ ಒಂದು ಮಿಣುಕು ಬೆಳಕೂ ಆಗಿಲ್ಲ ಅಂದ್ರ, ಹೆಂಗನಿಸಬೇಕು ಹೇಳ್ರಿ. ಇನ್ನ ಮೂರು ದಿನ. ಆಮ್ಯಾಲ ಇದ್ದದ್ದೂ ತಿಂದು ಹೋಗತೈತಿ.

ಮರುದಿನ ವಿಜಿ ನನ್ನ ಬಸ್ಸಿಗೆ ಹತ್ತಿಸಿ, ಮನಿಗೆ ಹೋಗಿ ಜಳಕ ಮಾಡಿ ಬಾ ಅಂತ ಕಳಿಸಿದ್ಲು. ಹೋದೆ. ಜಳಕ ಮಾಡಿದೆ. ಮಗಳಿಗಾರ ರೊಟ್ಟಿ ಕಟ್ಕೊಂಡು ಹೋಗೋಣ ಅಂತ ಹಿಟ್ಟು ನಾದಾಕ ಕುಂತೆ. ನೀರಿನ ಸದ್ದು ಬಿಟ್ರ ಏನೂ ಇಲ್ಲ. ಹೊತ್ತು ನೆತ್ತಿಗೆ ಬಂದಿತ್ತು. ಆ ಹೊತ್ತಿಗೆ, ಖರೇ ಹೇಳ್ತೀನಿ, ನನ್ನ ಕೈ ತಾನ ಸೌಟು ಹುಡುಕ್ತು. ಯಾರೂ ಕರದಿಲ್ಲ, ಗೇಟಿನ ಹತ್ರ ಯಾರೂ ಇಲ್ಲ, ನಾ ಪರಾತ ಕಿಟಕಿಗೆ ಹಿಡದು ಮೂರು ಬಾರಿಸಿದ್ದೆ.

ಬಾರಿಸಿದ ಮ್ಯಾಲ ಹಂಗ ನಿಂತೆ. ಅಯ್ಯ, ನಾ ಎಂಥಾಕಿ! ಆ ಮನಷ್ಯಾಗ ನಾ ಅಂದ್ರ ದನಿ ಅಲ್ಲ, ಹೆಸರು ಅಲ್ಲ. ನಾ ಅಂದ್ರ ಇದು.

ಒಲಿ ಆರಿಸಿದೆ. ಹಿಟ್ಟು ಅಲ್ಲೇ ಬಿಟ್ಟೆ. ಪರಾತ ಬಗಲಾಗ ಇಟ್ಕೊಂಡು ಬಸ್ ಹತ್ತಿದೆ. ಕಂಡಕ್ಟರ್, "ಏನಮ್ಮಾ, ಮದುವಿ ಅಡಗಿಗೆ ಹೊಂಟೀರೇನು?" ಅಂದ. "ಹೌದಪ್ಪಾ, ನಂದ," ಅಂದೆ.

ವಾರ್ಡಿನಾಗ ಕಾಲಿಟ್ಟವ್ಳ ಮಂಚದ ಕಡಿ ಹೋಗಿ ಢಣ್ ಢಣ್ ಢಣ್ ಬಾರಿಸಿದೆ. ನರ್ಸಮ್ಮ ಓಡಿ ಬಂದ್ಲು, "ತಲಿಗಿಲಿ ಕೆಟ್ಟೈತೇನ್ರಿ, ಇದು ದವಾಖಾನಿ!" ಅಂತ ಪರಾತ ಕಸಿಯಾಕ ಹತ್ತಿದ್ಲು. ಅಷ್ಟರಾಗ ಗಾಜಿನ ಕೋಣಿಯಿಂದ ಮೇಡಂ ಕೂಗಿದ್ರು: "ಬಿಡ್ರಿ ಅವರನ್ನ! ಅಮ್ಮಾ, ಇನ್ನೊಂದ್ಸಲ ಬಾರಸ್ರಿ!"

ಬಾರಿಸಿದೆ. ಗಾಜಿನ ಆಕಡಿ ನೋಡಿದೆ. ಕತ್ತಲಿ ಇದ್ದ ಜಾಗದಾಗ ದೊಡ್ಡ ಬೆಳಕು. ಒಂದ ಜಾಗದಾಗಲ್ಲ, ಅಲ್ಲಿಂದ ಹರದು ಗೇಟಿನ ಜಾಗಕ್ಕ ಹೋತು, ಅಲ್ಲಿಂದ ಮನಿ ದಾರಿಗೆ, ಅಲ್ಲಿಂದ ಇನ್ನೆಲ್ಲಿಗೋ. ಉಪಕಾಲುವಿಗೆ ನೀರು ಬಿಟ್ಟಂಗ ಹೊಂಟಿತ್ತು. ಮೇಡಂ ಕನ್ನಡಕ ತಗದು ಕಣ್ಣು ಒರಸ್ಕೊಂಡ್ರು. ಇಲ್ಲ ಅನಬ್ಯಾಡ್ರಿ ಮೇಡಂ, ನಾ ನೋಡೀನಿ.

"ಅದಕ್ಕ ಗೇಟು ಮಂಕಾಗಿತ್ತು ಅಮ್ಮಾ," ಅಂದ್ರು. "ಅವರ ಮೆದುಳಿನಾಗ ಗೇಟಿನ ಕೆಲಸ ಮುಗಿಯೂದು ನಿಮ್ಮ ಪರಾತದ ಸದ್ದಿಗೆ. ಎರಡೂ ಒಂದ ಸಂಗತಿ. ನಾವು ಅರ್ಧ ಅಷ್ಟ ಹಾಕಿದ್ವಿ." ಹೊಸಾ ಸಾಲು ಬೇಕಾಗಲಿಲ್ಲ. ಮೊದಲನೇ ಸಾಲಿನಾಗ ನಾ ಇದ್ದೆ, ನನಗ ಗೊತ್ತಿರಲಿಲ್ಲ, ಅಷ್ಟ.

ಮೇಡಂ ಆ ಸದ್ದು ರೆಕಾರ್ಡ್ ಮಾಡಿ ಟೋಪಿಗೆ ಹಾಕಿದ್ರು. ಎರಡು ತಾಸಿಗೆ ಬೆಳಕು ಮಂಕಾತು. ಗಡಿಯಾರದಂಗ ಬಂದ್ರ ಮೆದುಳು ಕಿವಿಗೊಡಂಗಿಲ್ಲಂತ. ಹಂಗಾರ ನಾನ ಬಾರಿಸ್ತೀನಿ ಅಂದೆ. ಒಮ್ಮೆ ಬ್ಯಾಗ, ಒಮ್ಮೆ ತಡಾ, ಒಮ್ಮೆ ಸಿಟ್ಟಿನಾಗ, ಒಮ್ಮೆ ರೊಟ್ಟಿ ಸೀದಾಗ ಬಾರಸೂ ಹಂಗ. ಎರಡು ದಿನ ಬಾರಿಸಿದೆ. ಬಾಜೂ ಮಂಚದವ್ರು ಬೈದ್ರು, ಬೈಸ್ಕೊಂಡೆ. ನರ್ಸಮ್ಮ ಕಡೀಕ ತಾನ ಸೌಟು ತಂದು ಕೊಟ್ಲು.

ಎಂಟನೇ ದಿನ ಕಣ್ಣು ತಗದ್ರು. ವಿಜಿನ್ನ ನೋಡಿ ಹೆಸರು ಹಿಡದು ಕರದ್ರು. ನಾ ಮುಂದ ಹೋದೆ. ನನ್ನ ಮುಖ ನೋಡಿದ್ರು, ಬಾಳ ಹೊತ್ತು ನೋಡಿದ್ರು. ಆಮ್ಯಾಲ, "ಒಂದೀಟು ನೀರು ಕೊಡ್ರಿ," ಅಂದ್ರು.

ಕೊಡ್ರಿ! ನನಗ! ಮೂವತ್ತೈದು ವರ್ಷದಾಗ ಒಂದು ದಿನಾನೂ ನನಗ 'ರಿ' ಹಚ್ಚಿ ಮಾತಾಡಿದವ್ರಲ್ಲ. ಲೋಟ ಕೊಟ್ಟೆ. "ಉಪಕಾರ ಆತ್ರಿ," ಅಂದ್ರು. ಗುರ್ತಿಲ್ಲದಾಕಿಗೆ ಹೇಳಿದಂಗ. ನಾ ಶೌಚಕ್ಕ ಹೋಗೂ ನೆವ ಮಾಡಿ ಹೊರಗ ಹೋಗಿ ಸೆರಗು ಬಾಯಾಗ ತುರುಕ್ಕೊಂಡು ಅತ್ತೆ.

"ಬೆಳಕು ಐತಿ ಅಮ್ಮಾ," ಅಂದ್ರು ಮೇಡಂ. "ನಿಮ್ಮ ಮುಖದಿಂದ ಆ ಬೆಳಕಿಗೆ ಹೋಗೂ ದಾರಿ ತುಂಡಾಗೈತಿ. ದಾರಿ ಮತ್ತ ಬೆಳೀಬಹುದು. ಬೆಳೀತೈತಿ ಅಂತ ಮಾತು ಕೊಡಾಕ ನನಗ ಆಗಂಗಿಲ್ಲ."

ಹದಿನಾರನೇ ದಿನ ಮನಿಗೆ ಕಳಿಸಿದ್ರು. ವೈರಸ್ಸನ್ನ ಹಿಡದ ಟಿ ಕಣಗಳಾಗ ಕೆಲವು ಮೆದುಳಿನಾಗ ಉಳದು ವರ್ಷಗಟ್ಟಲೆ ಕಾವಲು ಕಾಯ್ತಾವಂತ ಮೇಡಂ ಹೇಳಿದ್ರು. "ಅವಕ್ಕೂ ನಾನ ರೊಟ್ಟಿ ಬಡೀಬೇಕೇನ್ರಿ?" ಅಂದೆ. ಎಲ್ಲಾರೂ ನಕ್ರು. ಇವರೂ ನಕ್ರು, ಹೊರಗಿನವ್ರ ಮಾತಿಗೆ ನಕ್ಕಂಗ.

ಮನ್ಯಾಗ ನಾಕು ದಿನ 'ರಿ' ನಡೀತು. "ಊಟ ಚಲೋ ಆಗೈತ್ರಿ." "ನೀವು ಉಂಡ್ರೇನು?" ನಾ ಉಣ್ಣೂದು ಬಿಡೂದು ಯಾವತ್ತು ಕೇಳಿದ್ರು ಇವರು! ಬಾಜೂ ಮನಿ ಗಂಗಮ್ಮ, "ಪುಣ್ಯವಂತಿ, ಎಂಥಾ ಮರ್ಯಾದಿ ಕೊಡಾಕತ್ಯಾರ," ಅಂದ್ಲು. ಆಕಿ ಬಾಯಾಗ ಹಿಟ್ಟು ತುರುಕಬೇಕನಿಸ್ತು. ತಮ್ಮನ ಜಗಳ ಪೂರ್ತಿ ಗುಡಿಸಿ ಹೋಗಿತ್ತು. ದಿನಾ ಫೋನ್ ಮಾಡಿ ನಗಾಕತ್ತಿದ್ರು. ತಂಬಾಕು? ಅದನ್ನ ಯಾವ ಮೈಕ್ರೋಗ್ಲಿಯಾನೂ ಮುಟ್ಟಿಲ್ಲ. ಬಂದ ದಿನಾನ ಜಂತಿ ಸಂದ್ಯಾಗಿನ ಚೀಲ ಸೀದಾ ಹುಡುಕಿ ತಗದ್ರು.

ಐದನೇ ದಿನ ಕಂಟ್ರೋಲ್ ರೂಮಿನಿಂದ ಫೋನ್ ಬಂತು. ಗೇಟಿಗೆ ಕಸ ಸಿಕ್ಕೈತಿ. ವಿಜಿ ಬ್ಯಾಡ ಅಂದ್ಲು. ಇವರು ಪಾನಾ ತಗೊಂಡು ಹೊಂಟೇ ಬಿಟ್ರು. ವಿಜಿ ಹಿಂದಿಂದ ಹೋದ್ಲು. ನಾ ಅಡಗಿ ಮನ್ಯಾಗ ಹಂಚಿನ ಮುಂದ ಕುಂತೆ. ರೊಟ್ಟಿ ಬಡಿಯಾಕ ಕೈ ಏಳವಲ್ದು. ನೀರಿನ ಸದ್ದು ಬದಲಾತು, ಗೇಟು ಎದ್ದಿತು ಅಂತ ತಿಳೀತು. ಕೆಲಸ ಮರತಿಲ್ಲ.

ಠಣ್, ಠಣ್.

ಸೌಟು ಕೈಯಾಗಿತ್ತು. ಎತ್ತಿದೆ. ತಡಿ ಹುಲಿಗೆಮ್ಮ, ಅಂದ್ಕೊಂಡೆ. ಇದು ಬರೇ ಕೈ ರೂಢಿ ಇರಬಹುದು. ಕಬ್ಬಿಣ ಕಂಡ್ರ ಎರಡು ಪೆಟ್ಟು ಹಾಕೂದು ಕೈಗೆ ಗೊತ್ತಿರತೈತಿ, ಆಕಡಿ ಯಾರದಾರ ಅಂತ ಅದಕ್ಕ ಗೊತ್ತಿರಬೇಕಂತೇನಿಲ್ಲ. ರೂಢಿ ಆಗಿದ್ರ ಎರಡು ಹಾಕಿ ಸುಮ್ನಾಗ್ತಾರ. ನನ್ನ ಉತ್ತರಕ್ಕ ಕಾಯಂಗಿಲ್ಲ.

ಸೌಟು ಕೆಳಗಿಟ್ಟೆ. ನನ್ನ ಜೀವನದಾಗ ಅಷ್ಟು ಕಷ್ಟದ ಕೆಲಸ ನಾ ಮಾಡಿಲ್ಲ. ಖಾಲಿ ಹಂಚು ಕಾದು ಹೊಗಿ ಎದ್ದಿತು. ನೀರಿನ ಸದ್ದು ಒಂದ. ಎಣಿಸಾಕತ್ತೆ. ನಲವತ್ತರ ತನಕ ಎಣಿಸಿ ಬಿಟ್ಟೆ. ಆತು, ಮುಗೀತು, ಇನ್ನ ಜೀವನ ಪೂರ್ತಿ ನನಗ 'ರಿ' ಅನ್ನೂ ಒಬ್ಬ ಒಳ್ಳೇ ಮನಷ್ಯಾಗ ರೊಟ್ಟಿ ಹಾಕೂದು, ಅಂದ್ಕೊಂಡೆ.

ಠಣ್! ಠಣ್!

ಗೇಟು ಕಿತ್ತು ಬರೂ ಹಂಗ. ಕೊಕ್ಕರಿ ಎಲ್ಲಾ ಗದ್ದಿಯಿಂದ ಒಮ್ಮೆಲೇ ಎದ್ದು ಹಾರಿದ್ವು.

ನಾ ಎಷ್ಟು ಬಾರಿಸಿದೆನೋ ನನಗ ಗೊತ್ತಿಲ್ಲ. ಮೂರಕ್ಕ ನಿಲ್ಲಲಿಲ್ಲ. ಪರಾತ ನಗ್ಗಿ ಹೋಗೈತಿ, ನೋಡ್ರಿ ಇಲ್ಲಿ, ತೋರಸಾಕಂತ ತಂದೀನಿ. ಬಾಗಲ ದಾಟಿ ಬಂದವ್ರ ಪಾನಾ ಮೂಲಿಗೆ ಒಗದು, ನನ್ನ ಕಡಿ ಕೆಂಗಣ್ಣು ಬಿಟ್ಟು ಕೇಳಿದ್ರು:

"ಕಿವುಡಿ ಆಗಿಯೇನ ನೀ?"